ಪಿನ್ನಕ್ಕನ ಹ್ಞೂಂ

ಟಿಣ್. ಟಿಣ್. ಟಿಣ್.

ಬೆಳಿಗ್ಗೆ ಒಂಬತ್ತೂವರೆಗೆ ಮೆಟ್ಟಿಲ ಕೆಳಗಿನ ಅಂಗಡಿಯಿಂದ ಈ ಸದ್ದು ಬಂತೆಂದರೆ ಪಿನ್ನಕ್ಕ ಕೆಲಸಕ್ಕೆ ಕೂತಳು ಎಂದು ಅರ್ಥ. ಹಿಂದಿನ ದಿನ ನೆಲಕ್ಕೆ ಉದುರಿದ ಗುಂಡುಪಿನ್ನುಗಳನ್ನು ಅಯಸ್ಕಾಂತದ ತುಂಡಿನಿಂದ ಎತ್ತಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ತಗಡಿನ ಡಬ್ಬಿಗೆ ಹಾಕುತ್ತಾಳೆ. "ಎಲ್ಲ ಒಟ್ಟಿಗೆ ಸುರಿದರೆ ಆಗಲ್ವಾ?" ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: "ಸುರೀಬಹುದು. ಆದರೆ ತುಕ್ಕು ಹಿಡಿದದ್ದನ್ನ ಬಾಯಲ್ಲಿ ಇಟ್ಕೊಳ್ಳೋಳು ನಾನಲ್ವಾ?"

ಮೂರು ಮಹಡಿಯ ಕಟ್ಟಡದ ಮೆಟ್ಟಿಲು ಓರೆಯಾಗಿ ಇಳಿಯುವ ಜಾಗದಲ್ಲಿ ಅವಳ ಅಂಗಡಿ. ಒಂದು ಕಡೆ ನಿಲ್ಲಬಹುದು, ಇನ್ನೊಂದು ಕಡೆ ಕೂರಬಹುದು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಮಾತ್ರ ಇಡಬಹುದು. ಬಂದವರೆಲ್ಲ ಒಮ್ಮೆಯಾದರೂ ತಲೆ ಹೊಡೆಸಿಕೊಂಡಿದ್ದಾರೆ. ಹೊಸ ಬಟ್ಟೆ ಅವಳು ಹೊಲಿಯುವುದಿಲ್ಲ. ಇರುವ ಬಟ್ಟೆಯನ್ನು ಗಿಡ್ಡ ಮಾಡುತ್ತಾಳೆ, ಉದ್ದ ಮಾಡುತ್ತಾಳೆ, ಬಿಗಿ ಮಾಡುತ್ತಾಳೆ, ಸಡಿಲ ಬಿಡುತ್ತಾಳೆ. ಹೊಸದು ಹೊಲಿಯುವವರಿಗೆ ಜನರ ಅಳತೆ ಗೊತ್ತು. ಪಿನ್ನಕ್ಕನಿಗೆ ಜನ ಎಲ್ಲಿ ಬದಲಾದರು ಎಂಬುದು ಗೊತ್ತು. ಯಾರ ಸೊಂಟ ಸುಖದಿಂದ ಬೆಳೆಯಿತು, ಯಾರ ಭುಜ ಚಿಂತೆಯಿಂದ ಇಳಿಯಿತು, ಎಲ್ಲ ಅವಳ ಬೆರಳಿಗೆ ತಿಳಿಯುತ್ತದೆ. ಆದರೆ ಬಾಯಿಗೆ ಬರುವುದಿಲ್ಲ. ಬಾಯಲ್ಲಿ ಪಿನ್ನಿರುತ್ತದೆ. ಒಮ್ಮೆಗೆ ಆರು, ಕೋಟಿನ ಕೆಲಸವಾದರೆ ಒಂಬತ್ತು. ಪಿನ್ನು ಕಚ್ಚಿದ ಬಾಯಿಂದ ಗುಟ್ಟು ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆಯಿಂದಲೋ ಏನೋ, ಬಂದವರೆಲ್ಲ ಸ್ಟೂಲಿನ ಮೇಲೆ ನಿಂತು ತಮ್ಮ ಹೊಟ್ಟೆಯೊಳಗಿನದನ್ನೆಲ್ಲ ಅವಳ ಮುಂದೆ ಬಿಚ್ಚುತ್ತಾರೆ. ಅವಳು "ಹ್ಞೂಂ" ಎನ್ನುತ್ತಾಳೆ.

ಆ ಹ್ಞೂಂನಲ್ಲಿ ಏನೆಲ್ಲ ಇತ್ತು! ಗಿಡ್ಡ ಹ್ಞೂಂ ಅಂದರೆ ಮುಂದೆ ಹೇಳಿ. ಎಳೆದ ಹ್ಞೂಂ ಅಂದರೆ ಪಾಪ. ಮೂಗಿನಿಂದ ಬಂದರೆ ಇದನ್ನು ನಾನು ನಂಬಬೇಕಾ? ಅವಳ ಗಂಡ ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಅವನು ಮಲಗುವಾಗ ಇವಳು ಏಳುತ್ತಾಳೆ, ಇವಳು ಮಲಗುವಾಗ ಅವನು ಹೊರಡುತ್ತಾನೆ. ಆದ್ದರಿಂದ ಇಬ್ಬರಿಗೂ ಜಗಳ ಆಡಲು ಇನ್ನೂ ಬಿಡುವು ಸಿಕ್ಕಿಲ್ಲ. ಅವನಿಗೂ ಈ ಹ್ಞೂಂಗಳ ಅರ್ಥ ಗೊತ್ತಿತ್ತು, ಆದರೆ ಎಲ್ಲವೂ ಅಲ್ಲ. ಎಲ್ಲವೂ ಗೊತ್ತಿದ್ದದ್ದು ಒಬ್ಬಳಿಗೇ. ಅವಳೇ ಆಪರೇಟರ್.

ಆಪರೇಟರ್ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು. ಅಂಗಡಿಗೆ ಫೋನು ಬಂದ ಹೊಸತು. ಪಿನ್ನಕ್ಕ ಒಂದು ಕೈಯಲ್ಲಿ ಗಿರಾಕಿಯ ತೋಳು, ಇನ್ನೊಂದರಲ್ಲಿ ರಿಸೀವರು, ಬಾಯಲ್ಲಿ ಆರು ಪಿನ್ನು ಹಿಡಿದು ನಂಬರು ಹೇಳಿದ್ದಳು. ಹೇಳಿದ್ದಳು ಅಂದರೆ, ಗೊಣಗಿದ್ದಳು. ಆ ಕಡೆಯಿಂದ ಸಣ್ಣ ನಗು.

"ನಾಲ್ಕು ಎರಡು ಏಳು ತಾನೇ? ಕೊಡ್ತೀನಿ. ಅಂದ ಹಾಗೆ, ಬಾಯಲ್ಲಿರೋದು ಪಿನ್ನಾ?"

"ಹ್ಞೂಂ."

"ಎಷ್ಟು?"

"ಹ್ಞ."

"ಆರಾ? ನುಂಗಿಬಿಟ್ಟೀರಿ ಮಾರಾಯ್ತಿ, ಮೊದಲು ತೆಗೀರಿ!"

ಆ ಸಂಜೆಯೇ ಆಪರೇಟರ್ ತನ್ನ ಕೋಟಿನ ತೋಳು ಗಿಡ್ಡ ಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದಳು, ಓರೆ ಸೂರಿಗೆ ತಲೆ ಹೊಡೆಸಿಕೊಂಡಳು, ಕೂತಳು. ಮೂವತ್ತೊಂದು ವರ್ಷ ಆ ಕೂರುವುದು ನಡೆಯಿತು. ಇವಳು ಹೊಲಿಯುತ್ತಿದ್ದಳು, ಅವಳು ಮಾತಾಡುತ್ತಿದ್ದಳು. ನಡುವೆ ಎಷ್ಟೋ ಹೊತ್ತು ಇಬ್ಬರೂ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವುದೇ ಅವರ ಸ್ನೇಹದ ಅರ್ಧಭಾಗವಾಗಿತ್ತು. ಬಟ್ಟೆಯ ಒಳಗಿನ ಅಸ್ತರಿನ ಹಾಗೆ, ಹೊರಗೆ ಕಾಣದೆ, ಆಕಾರ ಕೆಡದಂತೆ ಹಿಡಿದಿಟ್ಟಿರುತ್ತಿತ್ತು.

ತನ್ನ ಕಿವಿಯ ಬಗ್ಗೆ ಆಪರೇಟರಿಗೆ ಜಂಬ. "ಲೈನಿನಲ್ಲಿ ಒಂದು ಕೆಮ್ಮು ಕೇಳಿದರೆ ಸಾಕು, ಯಾರು ಅಂತ ಹೇಳ್ತಿದ್ದೆ. ನಿನ್ನ ಹ್ಞೂಂ ಇದೆಯಲ್ಲ, ಸಾವಿರ ಹ್ಞೂಂ ನಡುವೆ ಇಟ್ಟರೂ ಹೆಕ್ಕಿ ತೆಗೀತೀನಿ." ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು: "ಲೈನು ಕೊಟ್ಟ ಮೇಲೆ ನಾವು ಲೈನಿಂದ ಹೊರಗೆ ಬಂದುಬಿಡಬೇಕು. ಎರಡು ಜನ ಮಾತಾಡೋವಾಗ ಮೂರನೆಯವರ ಕಿವಿ ಇರಬಾರದು. ಅದು ನಮ್ಮ ಕೆಲಸದ ಮರ್ಯಾದೆ."

ಎರಡು ವರ್ಷದ ಹಿಂದೆ ಆಪರೇಟರ್ ತನ್ನ ಮಗ ಸೊಸೆಯ ಜೊತೆ ಊರಿನ ಇನ್ನೊಂದು ತುದಿಗೆ ಹೋದಳು. ಆರು ನಿಲ್ದಾಣ ಬಸ್ಸಿನಲ್ಲಿ, ಆಮೇಲೆ ನಾಲ್ಕು ಮಹಡಿ ಕಾಲಿನಲ್ಲಿ. ಅವಳ ಮಂಡಿ ಆ ಮಹಡಿಗಳನ್ನು ಹತ್ತಿತು, ಇಳಿಯಲು ಒಪ್ಪಲಿಲ್ಲ. ಹಾಗಾಗಿ ಅಂಗಡಿಯ ಕೂಟ ಫೋನಿಗೆ ಬಂತು. ದಿನಾ ಹನ್ನೊಂದಕ್ಕೆ ಪಿನ್ನಕ್ಕನ ಫೋನು ಕತ್ತರಿಸುವ ಮೇಜಿನ ಮೇಲೆ, ನೂಲಿನ ಉಂಡೆಗೆ ಒರಗಿ ಕೂತು, ಜೋರು ದನಿಯಲ್ಲಿ ಮಾತಾಡುತ್ತಿತ್ತು. ಪಿನ್ನಕ್ಕ ಅತ್ತ ನೋಡುವ ಕಾರಣವೂ ಇರಲಿಲ್ಲ. "ಒಂದು ದಿನ ಬರ್ತೀನಿ ಕಣೇ" ಎನ್ನುತ್ತಿದ್ದಳು. ದಿನಾ ಮಾತಾಡುವವರನ್ನು ನೋಡಲು ಹೋಗಬೇಕು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಎರಡು ವರ್ಷ ಹಾಗೆಯೇ ಕಳೆಯಿತು.

ಇಷ್ಟು ಮಾತಿಗೆ ರೀಚಾರ್ಜ್ ಪ್ಯಾಕು ಹಾಕಿಸಿ ಹಾಕಿಸಿ ಸಾಕಾಗಿ, ಆಪರೇಟರಿನ ಸೊಸೆ ಇಬ್ಬರ ಫೋನಿಗೂ ಒಂದು ಆಪ್ ಹಾಕಿಕೊಟ್ಟಳು. ಎಷ್ಟು ಹೊತ್ತು ಮಾತಾಡಿದರೂ ಪುಕ್ಕಟೆ. ಒಂದೇ ಷರತ್ತು: ನಾಲ್ಕು ಸೆಕೆಂಡು ಇಬ್ಬರೂ ಸುಮ್ಮನಾದರೆ, ಆ ಸಂದಿಯಲ್ಲಿ ಒಂದು ಜಾಹೀರಾತು ತೂರಿಕೊಳ್ಳುತ್ತದೆ.

"ನಾಲ್ಕು ಸೆಕೆಂಡು ಸುಮ್ಮನಿರೋದು ಯಾರು ಅತ್ತೆ, ನೀವಿಬ್ಬರೂನಾ?" ಎಂದು ಸೊಸೆ ನಕ್ಕಿದ್ದಳಂತೆ. ಪಾಪ, ಅವಳಿಗೆ ಪಿನ್ನಿನ ವಿಷಯ ಗೊತ್ತಿರಲಿಲ್ಲ.

ಮೊದಲ ದಿನವೇ ಬಂತು. ಆಪರೇಟರ್ ತನ್ನ ಅಣ್ಣ ತೀರಿಹೋದ ದಿನವನ್ನು ನೆನೆದು ಸುಮ್ಮನಾಗಿದ್ದಳು. ಪಿನ್ನಕ್ಕನೂ ಸೂಜಿ ನಿಲ್ಲಿಸಿ ಸುಮ್ಮನಾಗಿದ್ದಳು. ಒಂದು, ಎರಡು, ಮೂರು, ನಾಲ್ಕು. ಜೇನು ಸುರಿದಂಥ ಹೆಂಗಸಿನ ದನಿ: "ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆಯೇ? ಚಿಂತೆ ಬಿಡಿ!"

ಇಬ್ಬರೂ ಬೆಚ್ಚಿಬಿದ್ದು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಪಿನ್ನಕ್ಕನ ಬಾಯಿಂದ ಪಿನ್ನೆಲ್ಲ ಉದುರಿತು.

"ಯಾರೇ ಇವಳು?" ಎಂದಳು ಪಿನ್ನಕ್ಕ.

"ನಮ್ಮ ಸವತಿ," ಎಂದಳು ಆಪರೇಟರ್.

ಅಂದಿನಿಂದ ಅವಳ ಹೆಸರು ಸವತಿ. ಕತ್ತರಿ ಮೊಂಡಾಗಿದೆ ಎಂದರೆ ಮಾರನೆಯ ದಿನ ಸವತಿ ಕತ್ತರಿ ಮಾರುತ್ತಿದ್ದಳು. ನಿದ್ದೆ ಬರಲಿಲ್ಲ ಎಂದರೆ ಹಾಸಿಗೆ. ಬೀಗರಿಗೆ ನಾಲ್ಕು ಬೈದರೆ ಮಾನಸಿಕ ನೆಮ್ಮದಿಯ ಕೋರ್ಸು. ಒಮ್ಮೆ ಮಂಡಿನೋವಿನವರಿಗಾಗಿ ಮೆತ್ತನೆಯ ಚಪ್ಪಲಿ ಮಾರಲು ಬಂದಾಗ ಪಿನ್ನಕ್ಕನಿಗೆ ಆಶ್ಚರ್ಯವಾಯಿತು.

"ಚಪ್ಪಲಿ ವಿಷಯ ನಾವು ಮಾತೇ ಆಡಿಲ್ಲವಲ್ಲೇ?"

"ಆಡಿಲ್ಲ. ಮೊನ್ನೆ ನಾನೊಬ್ಬಳೇ ಫೋನಲ್ಲಿ ಹುಡುಕಿ ನೋಡಿದ್ದೆ," ಎಂದಳು ಆಪರೇಟರ್. "ಇಲ್ಲಿ ನೋಡಿದ್ದನ್ನ ಅಲ್ಲಿ ಕೂಗಿ ಹೇಳ್ತಾಳೆ. ಎಕ್ಸ್‌ಚೇಂಜಲ್ಲಿ ಹೀಗೆ ಮಾಡಿದ್ದರೆ ಅವತ್ತೇ ಮನೆಗೆ ಕಳಿಸ್ತಿದ್ರು."

ಸವತಿಯನ್ನು ದೂರ ಇಡಲು ಪಿನ್ನಕ್ಕ ಒಂದು ಉಪಾಯ ಕಂಡುಕೊಂಡಳು. ಹೇಳುವುದೇನೂ ಇಲ್ಲದಿದ್ದರೂ ಮೂರು ಸೆಕೆಂಡಿಗೊಮ್ಮೆ ಹ್ಞೂಂ ಅನ್ನುವುದು. ಹೊಲಿಗೆ ಯಂತ್ರದ ಪೆಡಲಿಗೆ ಕಾಲು ಹೊಂದಿದ ಹಾಗೆ ಅದೂ ಹೊಂದಿಕೊಂಡಿತು. ಅಂಗಡಿಗೆ ಬರುವವರಿಗೂ ರೂಢಿಯಾಯಿತು. ಪಿನ್ನಕ್ಕನಿಗೆ ಕೆಮ್ಮು ಬಂದರೆ ಸ್ಟೂಲಿನ ಮೇಲೆ ನಿಂತವರೇ "ಅಕ್ಕಾ, ಹ್ಞೂಂ ಅನ್ನಿ, ಬಂದುಬಿಡ್ತಾಳೆ!" ಎಂದು ಎಚ್ಚರಿಸುತ್ತಿದ್ದರು. ಆದರೆ ಒಳಗೊಳಗೇ ಅವಳಿಗೆ ಬೇಸರ. ಮೊದಲು ಅವಳ ಹ್ಞೂಂಗೆ ಅರ್ಥವಿತ್ತು. ಈಗ ಅದು ಕಾಗೆ ಓಡಿಸುವ ಕೋಲಾಗಿತ್ತು.

ಇನ್ನೊಂದು ಬೇಸರವೂ ಇತ್ತು. ಈಚೆಗೆ ಆಪರೇಟರ್ ಮಾತುಮಾತಿಗೂ "ಏನಂದೆ?" ಎನ್ನುತ್ತಿದ್ದಳು. "ಆ ಪಿನ್ನು ತೆಗೆದು ಮಾತಾಡೇ ಮಾರಾಯ್ತಿ, ಒಂದಕ್ಷರ ತಿಳಿಯಲ್ಲ." ಆರು ಪಿನ್ನಿನ ಒಳಗಿಂದ ನಾಲ್ಕು ಎರಡು ಏಳನ್ನು ಹೆಕ್ಕಿದವಳು! ಪಿನ್ನಕ್ಕ ತನ್ನ ಮಟ್ಟಿಗೆ ದೊಡ್ಡ ತ್ಯಾಗವನ್ನೇ ಮಾಡಿದಳು. ಮಣಿಕಟ್ಟಿಗೆ ಹತ್ತಿಯ ದಿಂಬೊಂದನ್ನು ಕಟ್ಟಿಕೊಂಡು, ಹನ್ನೊಂದರಿಂದ ಹನ್ನೆರಡರವರೆಗೆ ಪಿನ್ನನ್ನೆಲ್ಲ ಅದಕ್ಕೆ ಚುಚ್ಚಿದಳು. ಕೆಲಸ ಅರ್ಧಕ್ಕರ್ಧ ನಿಧಾನವಾಯಿತು. ಆದರೂ "ಏನಂದೆ?" ಕಡಿಮೆಯಾಗಲಿಲ್ಲ. ಅವಳಿಗೆ ಮಾತಿನ ಮೇಲೆ ಗಮನವಿಲ್ಲ, ಹೊಸ ಮನೆಯಲ್ಲಿ ಬೇರೆ ಗೆಳತಿಯರು ಸಿಕ್ಕಿರಬೇಕು ಎಂದುಕೊಂಡು ಪಿನ್ನಕ್ಕ ದಿಂಬು ಬಿಚ್ಚಿಟ್ಟು ಮತ್ತೆ ಪಿನ್ನು ಬಾಯಿಗೆ ಹಾಕಿಕೊಂಡಳು.

ಹೀಗಿರುವಾಗ ಒಂದು ಸೋಮವಾರ ಸವತಿ ಹೊಸ ರಾಗ ತೆಗೆದಳು. "ಎದುರಿನವರ ಮಾತು ಮಸುಕಾಗಿ ಕೇಳುತ್ತಿದೆಯೇ? ಕಡಲೆಕಾಳಿನಷ್ಟು ಪುಟ್ಟ ಶ್ರವಣಯಂತ್ರ, ಯಾರಿಗೂ ಕಾಣುವುದಿಲ್ಲ!" ಮಂಗಳವಾರ ಮತ್ತೆ ಅದೇ. ಬುಧವಾರ ಎರಡು ಸಲ.

"ಅಬ್ಬ, ಎಷ್ಟು ಅರಚ್ತಾಳೆ," ಎಂದಳು ಪಿನ್ನಕ್ಕ.

"ಅರಚ್ತಾಳಾ? ನನಗೆ ಸರಿಯಾಗೇ ಇದೆ."

"ಅದಿರಲಿ. ಇದನ್ನ ಯಾರಿಗೆ ಹೇಳ್ತಿರೋದು ಇವಳು?"

"ಏನಂದೆ?"

ಪಿನ್ನಕ್ಕ ಪಿನ್ನು ತೆಗೆದು ಕೂಗಿದಳು: "ಯಾರಿಗೆ ಕಿವುಡು ಅಂತ ಕೇಳಿದೆ!"

ಆ ಕಡೆ ಒಂದು, ಎರಡು, ಮೂರು. ನಾಲ್ಕಕ್ಕೆ ಮುಂಚೆ ಆಪರೇಟರ್ ತಡವರಿಸಿ ನಕ್ಕಳು. "ನಿನಗೇ ಇರಬೇಕು. ಮೂವತ್ತು ವರ್ಷ ಆ ಮೆಷೀನಿನ ಪಕ್ಕ ಕೂತವಳು ನೀನು. ನಾನು ಇಷ್ಟುದ್ದ ಕತೆ ಹೇಳಿದರೂ ಹ್ಞೂಂ ಬಿಟ್ಟು ಬೇರೇನೂ ಬರಲ್ಲ ನಿನ್ನ ಬಾಯಿಂದ. ಕೇಳಿಸುತ್ತೋ ಇಲ್ವೋ ಯಾರಿಗ್ಗೊತ್ತು?"

ಪಿನ್ನಕ್ಕನಿಗೆ ಪಿನ್ನು ಚುಚ್ಚುವುದು ಹೊಸದಲ್ಲ. ಆದರೆ ಇದು ಚುಚ್ಚಿದ ಜಾಗ ಬೇರೆ. ಇಷ್ಟು ವರ್ಷದ ಅವಳ ಹ್ಞೂಂ ಎಲ್ಲವೂ ಕಿವುಡುತನದ ಲೆಕ್ಕಕ್ಕೆ ಹೋಯಿತಲ್ಲ! ಇವಳು ಸೊಸೆಯ ಹತ್ತಿರ, ಮಗನ ಹತ್ತಿರ ಹೀಗೆಯೇ ಹೇಳಿರಬೇಕು, "ಪಾಪ, ಅವಳಿಗೆ ಕಿವಿ ಹೋಗಿದೆ" ಎಂದು. ಅದನ್ನು ಕೇಳಿಸಿಕೊಂಡೇ ಸವತಿ ಬೆನ್ನು ಹತ್ತಿದ್ದಾಳೆ.

"ನಿನ್ನ ಹೊಟ್ಟೆಯೊಳಗಿನ ಮಾತೆಲ್ಲ ಕೇಳಿದ್ದು ಈ ಕಿವಿಯೇ, ನೆನಪಿಟ್ಟುಕೋ," ಎಂದು ಹೇಳಿ ಫೋನಿಟ್ಟಳು.

ಗುರುವಾರ ಹನ್ನೊಂದಕ್ಕೆ ಫೋನು ಬರಲಿಲ್ಲ. ಇವಳೂ ಮಾಡಲಿಲ್ಲ. ಶುಕ್ರವಾರವೂ ಇಲ್ಲ. ಅಂಗಡಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅವಳು ಅಭ್ಯಾಸಬಲದಿಂದ ಮೂರು ಸೆಕೆಂಡಿಗೊಮ್ಮೆ ಗೋಡೆಗೆ ಹ್ಞೂಂ ಎನ್ನುತ್ತಿದ್ದಳು. ಶನಿವಾರ ಬ್ಯಾಂಕಿನ ಗುಮಾಸ್ತರೊಬ್ಬರು ಪ್ಯಾಂಟು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಒಂದು ಕಾಲು ಹಿಮ್ಮಡಿಯವರೆಗೆ, ಇನ್ನೊಂದು ಮೀನಖಂಡದವರೆಗೆ.

"ಅಕ್ಕಾ, ನನ್ನ ಕಾಲು ಹೀಗಿದೆಯಾ?"

"ನಿಮ್ಮ ಕಾಲು ಸರಿಯಾಗಿದೆ," ಎಂದಳು ಪಿನ್ನಕ್ಕ, "ನನ್ನ ತಲೆ ಸರಿಯಿಲ್ಲ. ಬಿಚ್ಚಿ ಕೊಡಿ." ಇಷ್ಟು ವರ್ಷದಲ್ಲಿ ಅವಳ ಅಳತೆ ತಪ್ಪಿದ್ದು ಅದೇ ಮೊದಲು. ಅಂದು ಸಂಜೆ ಎರಡು ಸಲ ಫೋನು ಕೈಗೆತ್ತಿಕೊಂಡಳು. ಏನೆಂದು ಮಾತು ಶುರುಮಾಡುವುದು ಎಂದು ತಿಳಿಯದೆ ಎರಡು ಸಲವೂ ಕೆಳಗಿಟ್ಟಳು. ಈ ಸ್ನೇಹದಲ್ಲಿ ಮಾತು ಶುರುಮಾಡುವ ಕೆಲಸ ಎಂದೂ ಅವಳದ್ದಾಗಿರಲಿಲ್ಲ. ಹೀಗೆಯೇ ಬಿಟ್ಟರೆ ಇದು ಮುಗಿದೇಹೋಗುತ್ತದೆ ಎಂಬುದು ಮಾತ್ರ ಎದೆಯಲ್ಲಿ ಕೂತಿತ್ತು.

ಸೋಮವಾರ ಹನ್ನೊಂದಕ್ಕೆ ಕಹಳೆಯವರು ಸ್ಟೂಲಿನ ಮೇಲಿದ್ದರು. ಅವರು ಊರಿನ ವಾದ್ಯತಂಡದಲ್ಲಿ ಎಲ್ಲಕ್ಕಿಂತ ದೊಡ್ಡ ಕಹಳೆಯನ್ನು ಊದುವವರು. ಕಹಳೆಗೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ದನಿ. ಚಿನ್ನದ ಬಣ್ಣದ ಗುಂಡಿಗಳ ಕೆಂಪು ಕೋಟು ಈಗ ಅವರ ಮುಂದೆ ಕೂಡುವುದನ್ನೇ ಮರೆತಿತ್ತು. ಪಿನ್ನಕ್ಕ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಒಂದು ತೋಳನ್ನು ಪೂರ್ತಿ ತೆಗೆದು, ಒಂಬತ್ತು ಪಿನ್ನು ಕಚ್ಚಿಕೊಂಡು, ಎರಡೂ ಕೈಯಲ್ಲಿ ಬಟ್ಟೆ ಹಿಡಿದಿದ್ದಳು. ಆಗ ಫೋನು ಹೊಡೆದುಕೊಂಡಿತು.

ಅವಳು ಫೋನನ್ನು ನೋಡಿದಳು. ಕಹಳೆಯವರನ್ನು ನೋಡಿದಳು. ಅವರು ತೋಳಿಲ್ಲದ ಕೈಯನ್ನು ಚಾಚಿ ಹಸಿರು ಗುಂಡಿ ಒತ್ತಿದರು.

"ನೋಡು, ಏನಾಯ್ತು ಗೊತ್ತಾ?" ಎಂದು ಆಪರೇಟರ್ ನಿನ್ನೆ ಬಿಟ್ಟ ಮಾತನ್ನು ಇಂದು ಎತ್ತಿಕೊಂಡವಳಂತೆ ಶುರುಮಾಡಿದಳು. "ಪಕ್ಕದ ಮನೆಯವರು ಒಂದು ಗಿಳಿ ತಂದಿದ್ದಾರೆ. ಅದು ಅವರ ಮನೆಯ ಕರೆಗಂಟೆಯ ಹಾಗೇ ಕೂಗೋದು ಕಲಿತುಬಿಟ್ಟಿದೆ. ಅದು ಕೂಗೋದು, ಆ ಯಜಮಾನರು ಓಡಿಹೋಗಿ ಬಾಗಿಲು ತೆಗೆಯೋದು, ಯಾರೂ ಇಲ್ಲ! ಮತ್ತೆ ಕೂಗೋದು, ಮತ್ತೆ ಓಡೋದು. ಗೋಡೆಯ ಈ ಕಡೆ ನಮ್ಮ ಮನೆಯವರೆಲ್ಲ ಬಿದ್ದೂ ಬಿದ್ದೂ ನಗ್ತಿದ್ರು. ನಾನು ಬೇರೇನೋ ಕೆಲಸದಲ್ಲಿದ್ದೆ, ಆಮೇಲೆ ಸೊಸೆ ಹೇಳಿದಳು." ಅವಳು ನಿಂತಳು, ಹ್ಞೂಂಗಾಗಿ ಕಾಯುತ್ತ.

ಪಿನ್ನಕ್ಕ ಕೊಡಲಿಲ್ಲ. ಕೋಪ ಇನ್ನೂ ಇಳಿದಿರಲಿಲ್ಲ. ಒಂದು. ಎರಡು. ಕಹಳೆಯವರು ಸವತಿಯ ಕೈಗೆ ಹಿಂದೊಮ್ಮೆ ಸಿಕ್ಕವರು. ಈ ಸ್ಟೂಲಿನ ಮೇಲೆ ನಿಂತಿದ್ದಾಗಲೇ ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು ಪೂರ್ತಿ ಕೇಳಿಸಿಕೊಂಡಿದ್ದರು. ಮೂರು. ಅವರಿಗೆ ತಡೆಯಲಾಗಲಿಲ್ಲ. ಫೋನಿನ ಕಡೆ ಬಾಗಿ, ಕಹಳೆಯ ಅಡಿಯಿಂದ ಬಂದಂಥ ದನಿಯಲ್ಲಿ ಹೇಳಿಬಿಟ್ಟರು:

"ಹ್ಞೂಂ."

ಮೇಜಿನ ಮೇಲಿನ ಗುಂಡಿಗಳು ಅದುರಿದವು.

"ಅಬ್ಬ, ಅಂತೂ ಬಾಯಿಬಿಟ್ಟೆಯಲ್ಲ," ಎಂದಳು ಆಪರೇಟರ್. ಅವಳ ದನಿ ಸಡಿಲಾಗಿ, ಒದ್ದೆಯಾಯಿತು. "ಕೋಪ ಇಳೀತಾ? ನಿನ್ನ ಆ ಹ್ಞೂಂ ಕೇಳದೆ ನಾಲ್ಕು ದಿನ ಹೇಗೆ ಕಳೆದೆ ಅಂತ ನನಗೇ ಗೊತ್ತು ಕಣೇ."

ಪಿನ್ನಕ್ಕನ ಕೈ ಕೋಟಿನ ಮೇಲೆಯೇ ನಿಂತಿತು.

ತಮಾಷೆ ಮಾಡುತ್ತಿದ್ದಾಳೆಯೇ? ಅವಳು ಕಣ್ಣಿನಲ್ಲೇ ಕಹಳೆಯವರಿಗೆ ಸನ್ನೆ ಮಾಡಿದಳು: ಇನ್ನೊಂದು. ಕಹಳೆಯವರು ಎದೆಯುಬ್ಬಿಸಿ ಇನ್ನೊಂದು ಊದಿದರು.

"ಹ್ಞೂಂ."

"ನಿನ್ನ ಬಿಟ್ಟು ನನಗೆ ಯಾರಿದ್ದಾರೆ ಹೇಳು," ಎಂದಳು ಆಪರೇಟರ್. "ಅದಿರಲಿ, ಗಿಳಿ ಕತೆ ಮುಗಿದಿಲ್ಲ ಇನ್ನೂ…"

ಸಾವಿರ ಹ್ಞೂಂ ನಡುವೆ ಹೆಕ್ಕಿ ತೆಗೆಯುವ ಕಿವಿ. ಮೆತ್ತನೆಯ ಚಪ್ಪಲಿ ಪಿನ್ನಕ್ಕನಿಗೆ ಆಗ ನೆನಪಾಯಿತು: ಅವಳೊಬ್ಬಳೇ ಕೂತು ಹುಡುಕಿದ್ದನ್ನು ಸವತಿ ಇಲ್ಲಿಗೆ ಬಂದು ಕೂಗಿದ್ದಳು. ಹಾಗಾದರೆ ಈ ಸಲವೂ ಅವಳು ಒಬ್ಬಳೇ ಕೂತು, ಮಗನಿಗೂ ಸೊಸೆಗೂ ಹೇಳದೆ, ಫೋನಿನಲ್ಲಿ ಏನು ಹುಡುಕಿದ್ದಿರಬಹುದು? ಬೈಸಿಕೊಂಡ ಪಿನ್ನು, ಮುಗಿಯದ "ಏನಂದೆ", ಗೋಡೆಯಾಚೆ ಎಲ್ಲರಿಗೂ ಕೇಳಿ ಅವಳಿಗೆ ಮಾತ್ರ ಕೇಳದ ಗಿಳಿ. ಅರಚುವ ಸವತಿಯ ದನಿ ಅವಳಿಗೆ ಸರಿಯಾಗಿತ್ತು. ಬಹುಶಃ ದಿನವೆಲ್ಲ ಅವಳಿಗೆ ಪೂರ್ತಿ ಕೇಳುತ್ತಿದ್ದದ್ದು ಅದೊಂದೇ ದನಿ. ಮಸುಕಾಗಿ ಏನೋ ಗುಂಯ್ ಎಂದರೆ ಅದು ನನ್ನ ಗೆಳತಿ ಎಂದು ತಿಳಿದು, ಎಷ್ಟು ತಿಂಗಳಿಂದ ಇವಳು ಹೀಗೆ ಮಾತಾಡುತ್ತಿದ್ದಾಳೆ?

ಕಿವಿಯೇ ತನ್ನ ಕಸುಬಾಗಿದ್ದವಳು. ಹೇಳುವುದಾದರೂ ಹೇಗೆ ಹೇಳಿಯಾಳು?

ಪಿನ್ನಕ್ಕ ಬಾಯಿಂದ ಪಿನ್ನು ತೆಗೆದಳು. ಟಿಣ್. ಮತ್ತೊಂದು. ಟಿಣ್. ಕಹಳೆಯವರು ಗಾಬರಿಯಿಂದ ಪಿಸುಗುಟ್ಟಿದರು: "ಏನಕ್ಕಾ, ಏನಾಯ್ತು? ಹೇಳಿಬಿಡಿ ಅವರಿಗೆ."

"ಇಲ್ಲಲ್ಲ," ಎಂದಳು ಪಿನ್ನಕ್ಕ ಅಷ್ಟೇ ಮೆಲ್ಲಗೆ. "ಸವತಿ ಕೇಳಿಸಿಕೊಳ್ತಿರ್ತಾಳೆ. ಇದು ಮೂರನೆಯವರ ಎದುರಿಗೆ ಆಡೋ ಮಾತಲ್ಲ."

ಟಿಣ್. ಟಿಣ್. ಅವಳು ಮೊಳೆಯಿಂದ ಕೈಚೀಲ ತೆಗೆದುಕೊಂಡಳು, ಕೊರಳಿನ ಅಳತೆ ಟೇಪು ತೆಗೆಯಲು ಮರೆತಳು.

"ಎಲ್ಲಿಗೆ ಹೊರಟ್ರಿ? ನನ್ನ ಕೋಟು?"

"ಆರು ನಿಲ್ದಾಣ, ನಾಲ್ಕು ಮಹಡಿ. ಅಲ್ಲೀವರೆಗೆ ನೀವು ಹ್ಞೂಂ ಅಂತಿರಿ."

"ನಾನಾ?"

"ಮೂರು ಸೆಕೆಂಡಿಗೊಂದು. ನಿಮ್ಮ ಉಸಿರಿಗೆ ಅದೇನು ಮಹಾ. ಆಮೇಲೆ, ಆ ಕಡೆ ಪಿನ್ನಿದೆ, ಕೂರಬೇಡಿ."

"ಅಲ್ಲಾರೀ ಅಕ್ಕಾ, ಒಂದು ತೋಳೇ ಇಲ್ಲ ನನಗೆ!"

"ಕೈ ಇದೆಯಲ್ಲ."

ಮೇಜಿನ ಮೇಲೆ ಆಪರೇಟರ್ ಹೇಳುತ್ತಲೇ ಇದ್ದಳು. ಗಿಳಿಗೆ ಬುದ್ಧಿ ಕಲಿಸಬೇಕೆಂದು ಪಕ್ಕದ ಮನೆಯ ಯಜಮಾನರು ಕರೆಗಂಟೆಯನ್ನೇ ಕಿತ್ತು ಹಾಕಿದ್ದರಂತೆ; ಈಗ ನಿಜವಾಗಿ ಬಂದವರು ಬಾಗಿಲಲ್ಲಿ ನಿಂತು ಗಿಳಿ ಕೂಗುವುದನ್ನೇ ಕಾಯಬೇಕಂತೆ. ಅವಳ ಆ ನಗು! ಅದು ಮಾತ್ರ ಮೊದಲ ದಿನದ ಹಾಗೆಯೇ ಇತ್ತು. ಪಿನ್ನಕ್ಕ ಒಂದು ಗಳಿಗೆ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಹತ್ತಿರ ಕೂತು ಮುಖ ನೋಡಿಕೊಂಡು ಹೇಳಬೇಕು, ನಿಧಾನವಾಗಿ, ಬಾಯಲ್ಲಿ ಏನೂ ಇಲ್ಲದೆ. ಯಂತ್ರ ಕಡಲೆಕಾಳಿನಷ್ಟಿರಲಿ, ಕಲ್ಲಂಗಡಿಯಷ್ಟಿರಲಿ, ಇಬ್ಬರೂ ಹೋಗಿ ಒಟ್ಟಿಗೇ ಕಿವಿ ತೋರಿಸಿಕೊಂಡು ಬರುವುದು. ಮೊದಲು ನನ್ನದನ್ನು ನೋಡಿ ಎಂದು ತಾನೇ ಕುರ್ಚಿಯಲ್ಲಿ ಕೂರುವುದು. ಮೆಷೀನಿನ ಪಕ್ಕ ಮೂವತ್ತು ವರ್ಷ ಕೂತವಳಲ್ಲವೇ?

ಬೀದಿಗಿಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಬಾಯಿಯ ಮೂಲೆಯಲ್ಲಿ ಒಂಬತ್ತನೆಯ ಪಿನ್ನು ಇನ್ನೂ ಇರುವುದು ನಾಲಿಗೆಗೆ ತಾಕಿತು. ತೆಗೆದು ತನ್ನ ಕಾಲರಿಗೆ ಚುಚ್ಚಿಕೊಂಡಳು.

"ಕೇಳ್ತಿದ್ದೀಯೇನೇ?" ಎಂದು ಹಿಂದಿನಿಂದ ಆಪರೇಟರಿನ ದನಿ ಬಂತು.

"ಹ್ಞೂಂ," ಎಂದು ಮೆಟ್ಟಿಲ ಕೆಳಗಿನಿಂದ ಕಹಳೆಯವರ ದನಿ ಮೊಳಗಿತು. ಪಿನ್ನಕ್ಕ ತಿರುಗಿ ನೋಡದೆ, ತಿರುವಿನಲ್ಲಿ ಕಂಡ ಬಸ್ಸಿಗೆ ಕೈ ಎತ್ತಿ, ಕೊರಳಲ್ಲಿ ಟೇಪು ಹಾರಿಸಿಕೊಂಡು ಬಿರಬಿರನೆ ನಡೆದಳು.